ಬಿಚ್ಚಿದ ಎಂಜಿನ್ನಿನ ಜೋಡಿ ತಪ್ಪದಿರಲಿ

ಕೆಲಸವಿದ್ದಾಗ ಮಾತ್ರ ಓಡುವ ಯಂತ್ರವು ಕೆಡುವುದೂ ಕೆಲಸವಿದ್ದಾಗಲೇ. ನೀರೆತ್ತುವ ಡೀಸೆಲ್ ಎಂಜಿನ್ನು ಬಿಡುವಿನ ತಿಂಗಳುಗಳಲ್ಲಿ ಹೊಲದ ಗುಡಿಸಲಿನೊಳಗೆ ಗೋಣಿ ಹೊದ್ದು ಕುಳಿತಿರುತ್ತದೆ. ಆಗ ಅದರ ಯೋಗಕ್ಷೇಮವನ್ನು ವಿಚಾರಿಸುವವರಿಲ್ಲ. ಪೈರಿನ ತುದಿ ಬಾಡತೊಡಗಿದ ವಾರದಲ್ಲಿ ಅದನ್ನೆಬ್ಬಿಸಿ ಹಗಲಿರುಳೂ ದುಡಿಸತೊಡಗಿದೊಡನೆ ಒಳಗಿನ ರೋಗವೆಲ್ಲ ಹೊರಬೀಳುತ್ತದೆ. ಹ್ಯಾಂಡಲು ತಿರುವಿ ತಿರುವಿ ರಟ್ಟೆ ಸೋತರೂ ಎಂಜಿನ್ನು ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡರೆ ನೀಲಿ ಹೊಗೆ. ಮೊನ್ನೆ ಸುರಿದ ಎಣ್ಣೆ ಇಂದು ಅಳತೆಕಡ್ಡಿಗೆ ತಾಗುವುದೇ ಇಲ್ಲ. ಕೊನೆಗೆ ಅದನ್ನು ಟ್ರ್ಯಾಕ್ಟರಿನ ಮೇಲೇರಿಸಿ ಪೇಟೆಯ ಗ್ಯಾರೇಜಿಗೆ ತಂದಿಳಿಸುವ ರೈತನು ಕೇಳುವುದು ಒಂದೇ ಮಾತು: “ಸಂಜೀಗೆ ಕೊಡ್ತೀರೇನ್ರಿ, ಮಿಸ್ತ್ರಿ?”

ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಬೇಕಾದರೆ ಎಂಜಿನ್ನಿನ ಪಿಸ್ಟನ್ನನ್ನೂ ಅದಕ್ಕೆ ಅಂಟಿಕೊಂಡ ಕನೆಕ್ಟಿಂಗ್ ರಾಡನ್ನೂ ಹೊರತೆಗೆದು, ಪರೀಕ್ಷಿಸಿ, ಮತ್ತೆ ಒಳಗಿಡುವುದೆಂದರೆ ಏನೆಂಬುದು ತಿಳಿದಿರಬೇಕು. ಈ ವಾರ ಅದನ್ನೇ ವಿಚಾರ ಮಾಡೋಣ. ಹೊಲವಿಲ್ಲದ ಪಟ್ಟಣದ ಓದುಗರು ಇದು ನಮಗೆ ಸಂಬಂಧಿಸದ ವಿಷಯವೆಂದು ಪುಟ ತಿರುವಬೇಕಾಗಿಲ್ಲ. ತಮ್ಮ ಮನೆಯ ಮುಂದೆ ನಿಂತಿರುವ ಸ್ಕೂಟರಿನಲ್ಲಿಯೂ ಮೋಟಾರಿನಲ್ಲಿಯೂ ಇರುವುದು ಇದೇ ಜೋಡಿ. ಅದು ಸವೆಯುವ ರೀತಿಯೂ ಇದೇ. ಗ್ಯಾರೇಜಿನವನನ್ನು ನಾವು ಅವಸರಪಡಿಸುವ ರೀತಿಯೂ ಇದೇ.

ಎರಡು ನದಿಗಳ ನಡುವಿನ ನಾಡು

೨೦೦೯-೧೦ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದಾಗ ಯಾದಗಿರಿಗೆ ಇದ್ದದ್ದು ಮೂರೇ ತಾಲ್ಲೂಕುಗಳು: ಯಾದಗಿರಿ, ಶಹಾಪುರ, ಸುರಪುರ. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವನು ಭೀಮೆಯನ್ನು ದಾಟುತ್ತಾನೆ. ಸುರಪುರದಿಂದ ದಕ್ಷಿಣಕ್ಕೆ ಹೋದವನು ಕೃಷ್ಣೆಯ ದಂಡೆಗೆ ಬರುತ್ತಾನೆ. ಎರಡು ಮಹಾನದಿಗಳು ಹರಿದರೂ ಅವುಗಳ ನೀರು ತಾನಾಗಿ ಹೊಲಕ್ಕೆ ಏರಿ ಬರುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು ೧೯೮೨ರಲ್ಲಿ ಪೂರ್ಣವಾದ ಮೇಲೆ ಅದರ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಕಡೆಯ ಎಷ್ಟೋ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾರ್ಪಡಿಸಿತು. ಆದರೆ ಕಾಲುವೆಗಿಂತ ಎತ್ತರದಲ್ಲಿರುವ ಹೊಲವುಂಟು. ಕಾಲುವೆಯ ಬಾಲದ ತುದಿಯಲ್ಲಿ ನೀರಿಗಾಗಿ ಕಾಯುವ ಹೊಲವುಂಟು. ನದಿಯ ದಂಡೆಯಲ್ಲಿದ್ದೂ ನೀರು ಕೆಳಗುಳಿದ ಹೊಲವುಂಟು. ಇಲ್ಲೆಲ್ಲ ನೀರನ್ನು ಎತ್ತಿಯೇ ಹಾಯಿಸಬೇಕು. ವಿದ್ಯುತ್ತಿನ ಮೋಟಾರುಗಳು ಬಂದಿವೆಯಾದರೂ ತಂತಿ ಮುಟ್ಟದ ಹಳ್ಳದ ದಂಡೆಯಲ್ಲಿ, ಕರೆಂಟು ಕೈಕೊಟ್ಟ ರಾತ್ರಿಯಲ್ಲಿ, ಡೀಸೆಲ್ ಎಂಜಿನ್ನೇ ಗತಿ. ಉಳಲು, ಬಿತ್ತಲು, ರಾಶಿ ಮಾಡಲು ಟ್ರ್ಯಾಕ್ಟರಂತೂ ಇದ್ದೇ ಇದೆ.

ಈ ನಾಡಿನ ಬೇಸಗೆಯ ಬಿಸಿಲೂ ಹೊಲದ ಧೂಳೂ ಎಂಜಿನ್ನಿನ ಪಾಲಿಗೆ ಎರಡು ಶತ್ರುಗಳು. ಬಿಸಿಲು ತಂಪುನೀರಿನ ಕೆಲಸವನ್ನು ಕಷ್ಟಕ್ಕೀಡುಮಾಡುತ್ತದೆ. ಧೂಳಿನ ಉಪದ್ರವ ಅದಕ್ಕಿಂತ ಹೆಚ್ಚಿನದು. ತೊಗರಿಯ ರಾಶಿಯ ದಿನಗಳಲ್ಲಿ ಗಾಳಿಯೊಡನೆ ಒಳಹೊಕ್ಕ ನುಣ್ಣನೆಯ ಮಣ್ಣು ಎಣ್ಣೆಯೊಡನೆ ಬೆರೆತರೆ, ಅದು ಎಣ್ಣೆಯಾಗಿ ಉಳಿಯದೆ ಸಾಣೆಯ ಹುಡಿಯಾಗುತ್ತದೆ. ಗಾಳಿ ಸೋಸುವ ಫಿಲ್ಟರಿನ ತಳದ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸದ ಎಂಜಿನ್ನು ತನ್ನನ್ನು ತಾನೇ ಅರೆದುಕೊಳ್ಳುತ್ತದೆಂದರೆ ಅತಿಶಯೋಕ್ತಿಯಾಗಲಾರದು.

ಕಣ್ಣಿಗೆ ಕಾಣುತ್ತಿದ್ದ ರಾಡು

ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡುಗಳು ಈ ಊರುಗಳಿಗೆ ಹೊಸವೇನಲ್ಲ. ೧೮೭೧ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಇರುವುದು ಆ ದಾರಿಯಲ್ಲಿಯೇ. ಅಂದಿನಿಂದ ನೂರಕ್ಕೂ ಹೆಚ್ಚು ವರ್ಷ ಇಲ್ಲಿಯ ನಿಲ್ದಾಣದಲ್ಲಿ ನಿಂತ ಮಕ್ಕಳು ಉಗಿಬಂಡಿಯ ಗಾಲಿಗಳ ಪಕ್ಕದಲ್ಲಿ ಹಿಂದಕ್ಕೂ ಮುಂದಕ್ಕೂ ಆಡುವ ಉಕ್ಕಿನ ತೋಳುಗಳನ್ನು ಕಣ್ಣರಳಿಸಿ ನೋಡಿದ್ದಾರೆ. ಸಿಲಿಂಡರಿನೊಳಗೆ ಉಗಿ ತಳ್ಳಿದ ಪಿಸ್ಟನ್ನಿನ ಓಡಾಟವನ್ನು ಗಾಲಿಯ ಸುತ್ತಾಟವನ್ನಾಗಿ ಮಾರ್ಪಡಿಸುತ್ತಿದ್ದ ತೋಳೇ ಕನೆಕ್ಟಿಂಗ್ ರಾಡು. ಆ ಬಂಡಿಗಳು ಮುಖ್ಯಮಾರ್ಗಗಳಿಂದ ಮರೆಯಾಗಿ ಈಗ ದಶಕಗಳೇ ಕಳೆದಿವೆ.

ಅದನ್ನು ನೋಡದ ಕಿರಿಯರು ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರವನ್ನು ನೆನೆಯಲಿ. ಕಾಲುಮಣೆ ಏರಿಳಿಯುತ್ತದೆ, ಚಕ್ರ ಸುತ್ತುತ್ತದೆ. ಎರಡನ್ನೂ ಕೂಡಿಸುವ ಕಡ್ಡಿಯೊಂದು ನಡುವೆ ಇರುತ್ತದೆ. ಎಂಜಿನ್ನಿನಲ್ಲಿ ಕಾಲುಮಣೆಯ ಸ್ಥಾನದಲ್ಲಿರುವುದು ಪಿಸ್ಟನ್—ಬೋರಲು ಹಾಕಿದ ಲೋಟದಂತಹ ಲೋಹದ ತುಂಡು. ಅದರ ನಡುವಿಗೆ ಒಂದು ಪಿನ್ನು. ಪಿನ್ನಿಗೆ ರಾಡಿನ ಚಿಕ್ಕ ತಲೆ. ರಾಡಿನ ದೊಡ್ಡ ತಲೆ ಕೆಳಗಿನ ಕ್ರ್ಯಾಂಕನ್ನು ತಬ್ಬಿರುತ್ತದೆ. ಪಿಸ್ಟನ್ನಿನ ಕೊರಳಿಗೆ ಬಳೆಗಳಂತೆ ತೊಡಿಸಿದ ಬೀಡಿನ ರಿಂಗುಗಳಲ್ಲಿ ಮೇಲಿನವು ಉರಿಯುವ ಅನಿಲವನ್ನು ತಡೆಯುತ್ತವೆ. ಕೆಳಗಿನದು ಗೋಡೆಗೆ ಅಂಟಿದ ಹೆಚ್ಚಿನ ಎಣ್ಣೆಯನ್ನು ಬಳಿದು ಕೆಳಕ್ಕೆ ಇಳಿಸುತ್ತದೆ.

ರುಡಾಲ್ಫ್ ಡೀಸೆಲ್ ತನ್ನ ಹೆಸರಿನ ಎಂಜಿನ್ನನ್ನು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ್ದು ೧೮೯೭ರಲ್ಲಿ. ಅದು ನಮ್ಮ ಬಾವಿಯ ದಡಕ್ಕೆ ಬಂದುದರ ಹಿಂದೆ ಎರಡು ಹೆಸರುಗಳನ್ನು ನೆನೆಯಬೇಕು. ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಕಂಪನಿಯು ೧೯೩೦ರ ಸುಮಾರಿಗೆ ಹೊರತಂದ ನಿಧಾನಗತಿಯ ಎಂಜಿನ್ನು ಎಷ್ಟು ಸರಳವಾಗಿತ್ತೆಂದರೆ, ಗುಜರಾತಿನ ರಾಜಕೋಟದ ಕಾರ್ಖಾನೆಗಳು ಅದೇ ಮಾದರಿಯನ್ನು ಅನುಸರಿಸಿ ಎಂಜಿನ್ನುಗಳನ್ನು ತಯಾರಿಸಿ ದೇಶದ ತುಂಬ ಹಂಚಿದವು. ಇನ್ನೊಂದು ಹೆಸರು ನಮ್ಮದೇ ನೆಲದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ದಾರಿಯಲ್ಲಿ ನಡೆದು, ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳ ಕಾರ್ಖಾನೆಯನ್ನು ಸ್ಥಾಪಿಸಿದರು.

ಒಂದು ದಿನದ ಪ್ರಯಾಣ

ಲಿಸ್ಟರ್ ಮಾದರಿಯ ಆರು ಅಶ್ವಶಕ್ತಿಯ ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಿಲಿಂಡರಿನ ಅಗಲ ೪½ ಅಂಗುಲ. ಪಿಸ್ಟನ್ ಒಂದು ಸಲ ಏರುವ ಎತ್ತರ ೫½ ಅಂಗುಲ. ನಿಮಿಷಕ್ಕೆ ೬೫೦ ಸುತ್ತು. ಇಂದಿನ ಮೋಟಾರುಗಳ ವೇಗಕ್ಕೆ ಹೋಲಿಸಿದರೆ ಇದು ಎತ್ತಿನ ನಡಿಗೆ. ಆದರೂ ಲೆಕ್ಕ ಹಾಕಿ ನೋಡಿ: ಪಿಸ್ಟನ್ ಗಂಟೆಗೆ ಸುಮಾರು ೧೧ ಕಿಲೋಮೀಟರಿನಂತೆ ಎಂಟು ಗಂಟೆಯಲ್ಲಿ ೮೭ ಕಿಲೋಮೀಟರು ಓಡುತ್ತದೆ. ಯಾದಗಿರಿಯಿಂದ ಹೊರಟು ಶಹಾಪುರದ ಮೇಲೆ ಸುರಪುರವನ್ನು ಮುಟ್ಟುವ ದಾರಿಗಿಂತಲೂ ಇದು ಹೆಚ್ಚು. ಅಷ್ಟನ್ನೂ ಅದು ಗೇಣುದ್ದದ ಕೊಳವೆಯೊಳಗೇ ಕ್ರಮಿಸುತ್ತದೆ, ಪ್ರತಿ ಸುತ್ತಿಗೆ ಎರಡು ಸಲ ನಿಂತು ದಿಕ್ಕು ಬದಲಿಸುತ್ತದೆ. ಡೀಸೆಲ್ ಹೊತ್ತಿಕೊಂಡ ಕ್ಷಣದಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ನಲವತ್ತು ಐವತ್ತರಷ್ಟಾದರೆ, ಅಂಗೈಯಗಲದ ಪಿಸ್ಟನ್ನಿನ ನೆತ್ತಿಯ ಮೇಲೆ ಬೀಳುವ ಭಾರ ನಾಲ್ಕೈದು ಟನ್ನು. ಅಷ್ಟನ್ನೂ ಹೊರುವುದು ಆ ಒಂದು ರಾಡು.

ರಾಡು ನೆಟ್ಟಗೆ ನಿಂತು ತಳ್ಳುವುದಿಲ್ಲವೆಂಬುದನ್ನೂ ಗಮನಿಸಬೇಕು. ಕ್ರ್ಯಾಂಕು ಸುತ್ತುವಾಗ ಅದು ಅತ್ತಿತ್ತ ವಾಲುತ್ತದೆ. ವಾಲಿದಾಗ ಪಿಸ್ಟನ್ನನ್ನು ಸಿಲಿಂಡರಿನ ಒಂದು ಪಕ್ಕದ ಗೋಡೆಗೆ ಒತ್ತುತ್ತದೆ. ಆದಕಾರಣ ಸಿಲಿಂಡರು ದುಂಡಗೆ ಸವೆಯದೆ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒತ್ತಡವೂ ಕಾವೂ ಹೆಚ್ಚಾಗಿ ಎಣ್ಣೆ ತೆಳುವಾಗಿರುವ ಮೇಲ್ಭಾಗದಲ್ಲಿ ಹೆಚ್ಚು ಸವೆದು, ಕೆಳಗೆ ಕಡಿಮೆ ಸವೆಯುತ್ತದೆ. ಎಲ್ಲಕ್ಕಿಂತ ಮೇಲಿನ ರಿಂಗು ಮುಟ್ಟದ ಅಂಚಿನಲ್ಲಿ ಸವೆಯದೆ ಉಳಿದ ಲೋಹವು ಸಣ್ಣ ದಡವಾಗಿ ನಿಲ್ಲುತ್ತದೆ. ಈ ಮೂರನ್ನು ನೆನಪಿಟ್ಟುಕೊಂಡರೆ ಮುಂದಿನ ಕೆಲಸದ ಅರ್ಥ ತಾನಾಗಿ ತಿಳಿಯುತ್ತದೆ.

ಬಿಚ್ಚುವ ಕ್ರಮ

ಡೀಸೆಲ್ ನಿಲ್ಲಿಸಿ, ನೀರನ್ನೂ ಎಣ್ಣೆಯನ್ನೂ ಇಳಿಸಿದ ಮೇಲೆ ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ತೆಗೆಯುವುದು ಮೊದಲ ಕೆಲಸ. ಎಂಜಿನ್ನು ಸಂಪೂರ್ಣ ತಣ್ಣಗಾಗಿರಬೇಕು. ಒಂದೇ ನಟ್ಟನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ಬಿಗಿಯುವ ಕ್ರಮಕ್ಕೆ ವಿರುದ್ಧವಾದ ಕ್ರಮದಲ್ಲಿ ಸಡಿಲಿಸಬೇಕು. ಇಲ್ಲವಾದರೆ ಹೆಡ್ಡು ಸೊಟ್ಟಗಾಗುವ ಸಂಭವವುಂಟು.

ಹೆಡ್ಡು ತೆಗೆದೊಡನೆ ಪಿಸ್ಟನ್ನಿನ ನೆತ್ತಿ ಕಾಣುತ್ತದೆ. ಕಲಿಯುವ ಹುಡುಗನಿಗೆ ಅದನ್ನು ಕೂಡಲೇ ಮೇಲಕ್ಕೆ ತಳ್ಳುವ ಆಸೆ. ಅನುಭವಿಯಾದ ಮಿಸ್ತ್ರಿ ಮೊದಲು ಉಗುರಿನಿಂದ ಸಿಲಿಂಡರಿನ ಮೇಲಂಚನ್ನು ತಡವುತ್ತಾನೆ. ಉಗುರು ತಡೆದು ನಿಂತರೆ ಅಲ್ಲಿ ದಡವಿದೆ. ಅದು ಬರಿಯ ಮಸಿಯಾಗಿದ್ದರೆ ಹೆರೆದು ತೆಗೆಯಬಹುದು. ಲೋಹವಾಗಿದ್ದರೆ ಅದಕ್ಕೆಂದೇ ಇರುವ ಉಪಕರಣದಿಂದ ಕೊರೆದು ಸಮಮಾಡಬೇಕು. ಹಾಗೆ ಮಾಡದೆ ಪಿಸ್ಟನ್ನನ್ನು ಬಡಿದು ಎಬ್ಬಿಸಿದರೆ ರಿಂಗು ದಡಕ್ಕೆ ಸಿಕ್ಕಿ, ಪಿಸ್ಟನ್ನಿನಲ್ಲಿ ರಿಂಗು ಕೂಡುವ ಗಾಡಿಯೇ ಒಡೆಯುತ್ತದೆ. ಒಳ್ಳೆಯ ಪಿಸ್ಟನ್ನು ಸತ್ತದ್ದು ಓಟದಿಂದಲ್ಲ, ಬಿಡುಗಡೆಯಿಂದ ಎಂಬಂತಾಗುತ್ತದೆ.

ಬಳಿಕ ಕೆಳಗಿನ ಕೆಲಸ. ಪಂಪಿನ ಎಂಜಿನ್ನಿನಲ್ಲಿ ಪಕ್ಕದ ಬಾಗಿಲು ತೆರೆದರೆ, ಟ್ರ್ಯಾಕ್ಟರಿನಲ್ಲಿ ಕೆಳಗಿನ ಎಣ್ಣೆತೊಟ್ಟಿಯನ್ನು ಇಳಿಸಿದರೆ, ರಾಡಿನ ದೊಡ್ಡ ತಲೆ ಕೈಗೆ ಸಿಗುತ್ತದೆ. ಅದು ಎರಡು ಹೋಳು: ರಾಡಿಗೆ ಸೇರಿದ ಮೇಲರ್ಧ, ಎರಡು ಬೋಲ್ಟುಗಳಿಂದ ಕೂಡಿಸಿದ ಕೆಳಗಿನ ಟೋಪಿ. ಕ್ರ್ಯಾಂಕನ್ನು ತಿರುವಿ ಆ ತಲೆಯನ್ನು ಎಲ್ಲಕ್ಕಿಂತ ಕೆಳಗಿನ ಸ್ಥಾನಕ್ಕೆ ತರಬೇಕು. ಪಾನಾ ಹಾಕುವ ಮೊದಲು ಗುರುತು ನೋಡಬೇಕು.

ಈ ಗುರುತಿನ ಮಾತು ಇಡೀ ಕೆಲಸದ ತಿರುಳು. ಕಾರ್ಖಾನೆಯಲ್ಲಿ ರಾಡನ್ನೂ ಟೋಪಿಯನ್ನೂ ಬೋಲ್ಟು ಹಾಕಿ ಕೂಡಿಸಿದ ಮೇಲೆಯೇ ನಡುವಿನ ರಂಧ್ರವನ್ನು ಕೊರೆದು ಸಮಮಾಡುತ್ತಾರೆ. ಆದ್ದರಿಂದ ಆ ರಾಡಿಗೆ ಆ ಟೋಪಿಯೇ ಜೋಡಿ. ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಒಂದನೆಯದರ ಟೋಪಿಯನ್ನು ಮೂರನೆಯದಕ್ಕೆ ಹಾಕಿದರೆ ಬೋಲ್ಟು ಸರಾಗವಾಗಿ ಹೋಗುತ್ತದೆ, ಕಣ್ಣಿಗೆ ಯಾವ ತಪ್ಪೂ ಕಾಣುವುದಿಲ್ಲ. ರಂಧ್ರ ಮಾತ್ರ ದುಂಡಗಿರುವುದಿಲ್ಲ. ತನ್ನದೇ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿದರೂ ಅದೇ ಫಲ. ಅದಕ್ಕಾಗಿಯೇ ರಾಡಿನ ಮೇಲೂ ಟೋಪಿಯ ಮೇಲೂ ಒಂದೇ ಅಂಕಿಯನ್ನು ಒಂದೇ ಪಕ್ಕದಲ್ಲಿ ಒತ್ತಿರುತ್ತಾರೆ. ಅಂಕಿ ಅಳಿಸಿಹೋಗಿದ್ದರೆ ಬಿಚ್ಚುವ ಮೊದಲೇ ಹೊಸದಾಗಿ ಗುರುತು ಹಾಕಿಕೊಳ್ಳಬೇಕು. ಇತ್ತೀಚಿನ ಅನೇಕ ಮೋಟಾರುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಡಿಯಾಗಿ ತಯಾರಿಸಿದ ರಾಡಿನ ತಲೆಯನ್ನು ಬೇಕೆಂದೇ ಸೀಳಿ ಎರಡು ಮಾಡುತ್ತಾರೆ. ಒಡೆದ ಸ್ಲೇಟಿನ ಎರಡು ತುಂಡುಗಳಂತೆ ಅವುಗಳ ಒರಟು ಅಂಚುಗಳು ಒಂದಕ್ಕೊಂದು ಮಾತ್ರ ಹೊಂದುತ್ತವೆ.

ಟೋಪಿ ತೆಗೆದ ಮೇಲೆ ಬೋಲ್ಟುಗಳ ತುದಿಗೆ ರಬ್ಬರಿನ ಕೊಳವೆಯ ತುಂಡುಗಳನ್ನು ತೊಡಿಸುವುದು ಜಾಣತನ. ಕನ್ನಡಿಯಂತೆ ನುಣುಪಾದ ಕ್ರ್ಯಾಂಕಿನ ಮೇಲೆ ಬೋಲ್ಟು ಒಂದು ಗೀರು ಎಳೆದರೂ ಆ ಗೀರು ಹೊಸ ಬೇರಿಂಗನ್ನು ತಿನ್ನುತ್ತದೆ. ಅನಂತರ ಸುತ್ತಿಗೆಯ ಮರದ ಹಿಡಿಯಿಂದ ರಾಡನ್ನು ಮೆಲ್ಲನೆ ಮೇಲಕ್ಕೆ ತಳ್ಳಿ, ಮೇಲೆ ಇನ್ನೊಂದು ಕೈಯಿಂದ ಪಿಸ್ಟನ್ನನ್ನು ಹಿಡಿದುಕೊಳ್ಳಬೇಕು. ಹೊರಬಂದೊಡನೆ ಟೋಪಿಯನ್ನೂ ಬೇರಿಂಗಿನ ಹೋಳುಗಳನ್ನೂ ಅದೇ ರಾಡಿಗೆ ಮತ್ತೆ ಕೂಡಿಸಿ, ಬೇರೆಯವುಗಳೊಡನೆ ಬೆರೆಯದಂತೆ ಇಡಬೇಕು. ಎಲ್ಲವನ್ನೂ ಒಂದೇ ಬುಟ್ಟಿಯ ಸೀಮೆಎಣ್ಣೆಯಲ್ಲಿ ಮುಳುಗಿಸಿ ತೊಳೆಯುವ ಗ್ಯಾರೇಜನ್ನು ಕಂಡರೆ ಅಲ್ಲಿಂದ ಎಂಜಿನ್ನನ್ನು ಹಿಂದಕ್ಕೆ ತರುವುದು ಲೇಸು.

ಕೊಳ್ಳುವ ಮುನ್ನ ಅಳೆಯಿರಿ

“ರಿಂಗು ಹಾಕಿಬಿಡಿ, ಸಾಕು” ಎಂಬುದು ಎಲ್ಲ ಗಿರಾಕಿಗಳ ಬಯಕೆ. ರಿಂಗು ಅಗ್ಗ, ಸಂಜೆಗೆ ಎಂಜಿನ್ನೂ ಸಿಗುತ್ತದೆ. ಆದರೆ ಸಿಲಿಂಡರು ಮೊಟ್ಟೆಯಾಕಾರವಾಗಿದ್ದರೆ ದುಂಡಗಿನ ಹೊಸ ರಿಂಗು ಅದರ ಗೋಡೆಯನ್ನು ಪೂರ್ತಿ ಮುಟ್ಟಲಾರದು. ಒಂದೆರಡು ವಾರ ಹೊಗೆ ಕಡಿಮೆಯಾದಂತೆ ತೋರಿ, ಮತ್ತೆ ಹಿಂದಿನ ಕಥೆಯೇ. ರಿಂಗಿನ ದುಡ್ಡೂ ಹೋಯಿತು, ಕೂಲಿಯೂ ಹೋಯಿತು, ನೀರಿನ ಪಾಳಿಯೂ ತಪ್ಪಿತು.

ಆದುದರಿಂದ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಕಡೆ, ಪ್ರತಿಯೊಂದು ಕಡೆಯಲ್ಲಿಯೂ ಉದ್ದ ಅಡ್ಡ ಎರಡು ದಿಕ್ಕಿನಲ್ಲಿ ಅಳೆಯಬೇಕು. ಆರು ಅಂಕಿಗಳನ್ನು ಕಾಗದದ ಮೇಲೆ ಬರೆದರೆ ರೋಗದ ಜಾತಕವೇ ಸಿಕ್ಕಿತು. ಸವೆತ ತಯಾರಕರು ಹೇಳಿದ ಮಿತಿಯೊಳಗಿದ್ದರೆ ರಿಂಗು ಬದಲಾವಣೆ ಸಾಕು. ಮಿತಿಯನ್ನು ಮೀರಿದ್ದರೆ ಸಿಲಿಂಡರನ್ನು ಲೇತಿನ ಅಂಗಡಿಯಲ್ಲಿ ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. ಒಳಕೊಳವೆಯಾದ ಲೈನರು ಇರುವ ಎಂಜಿನ್ನಾದರೆ ಲೈನರ್, ಪಿಸ್ಟನ್, ರಿಂಗುಗಳನ್ನು ಒಟ್ಟಿಗೆ ಬದಲಿಸಬೇಕು.

ಹೊಸ ರಿಂಗನ್ನೂ ಅಳೆಯದೆ ತೊಡಿಸಬಾರದು. ರಿಂಗೊಂದನ್ನು ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನ ನೆತ್ತಿಯಿಂದ ಸಮವಾಗಿ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನ ತೆಳುತಗಡಿನಿಂದ ನೋಡುತ್ತಾರೆ. ಸಿಲಿಂಡರಿನ ಪ್ರತಿ ಅಂಗುಲ ಅಗಲಕ್ಕೆ ಅಂಗುಲದ ಸಾವಿರದ ಮೂರು ನಾಲ್ಕು ಪಾಲು ಸಂದಿರಬೇಕೆಂಬುದು ಮಿಸ್ತ್ರಿಗಳ ಸ್ಥೂಲ ಲೆಕ್ಕ. ನಮ್ಮ ಉದಾಹರಣೆಯ ಎಂಜಿನ್ನಿಗೆ ಅದು ೦.೩೫ರಿಂದ ೦.೪೫ ಮಿಲಿಮೀಟರು. ಸಂದು ಹೆಚ್ಚಾದರೆ ಅನಿಲ ಸೋರುತ್ತದೆ. ತೀರ ಕಡಿಮೆಯಾದರೆ ಅಪಾಯ ಇನ್ನೂ ದೊಡ್ಡದು: ಕಾವಿಗೆ ರಿಂಗು ಹಿಗ್ಗಿ, ತುದಿಗೆ ತುದಿ ತಾಗಿ, ಸಿಲಿಂಡರಿನ ಗೋಡೆಯನ್ನು ಗೀರುತ್ತದೆ ಅಥವಾ ತಾನೇ ಮುರಿಯುತ್ತದೆ.

ರಾಡು ಬಾಗಿದೆಯೇ, ತಿರುಚಿದೆಯೇ ಎಂದು ನೋಡುವುದು ಇನ್ನೊಂದು ಪರೀಕ್ಷೆ. ಸಿಲಿಂಡರಿನೊಳಗೆ ನೀರು ನುಗ್ಗಿದ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದ್ದರೆ ರಾಡು ಬಾಗಿರುವುದು ಸಾಮಾನ್ಯ. ಏಕೆಂದರೆ ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ನಿನ ಒಂದು ಪಕ್ಕದ ಮೇಲ್ಭಾಗವೂ ಎದುರು ಪಕ್ಕದ ಕೆಳಭಾಗವೂ ಉಜ್ಜಿಹೋಗಿದ್ದರೆ ಅದೇ ಅದರ ಸಾಕ್ಷಿ. ಹಾಗೆಯೇ ಬೇರಿಂಗು ಮತ್ತು ಕ್ರ್ಯಾಂಕಿನ ನಡುವೆ ಇರಬೇಕಾದ ಸಂದು ಕೂದಲೆಳೆಗಿಂತ ದೊಡ್ಡದೇನೂ ಅಲ್ಲ. ಎರಡು ಅಂಗುಲ ದಪ್ಪದ ಕ್ರ್ಯಾಂಕಿಗೆ ಸುಮಾರು ೦.೦೫ ಮಿಲಿಮೀಟರು. ಆ ಸಂದಿನಲ್ಲಿ ನಿಂತ ಎಣ್ಣೆಯ ಪೊರೆಯ ಮೇಲೆಯೇ ಆ ನಾಲ್ಕೈದು ಟನ್ನಿನ ಭಾರ ತೇಲುತ್ತದೆ. ಇದನ್ನು ತಿಳಿದ ಮೇಲೆ, ತಪ್ಪು ಟೋಪಿ ಹಾಕಿದ ರಂಧ್ರ ದುಂಡಗಿಲ್ಲದಿದ್ದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಎಣ್ಣೆಯ ಪೊರೆ ಹರಿಯುತ್ತದೆ, ಬೇರಿಂಗು ಕರಗಿ ಕಚ್ಚಿಕೊಳ್ಳುತ್ತದೆ, ಬೋಲ್ಟು ತುಂಡಾಗುತ್ತದೆ, ಬಿಡುಗಡೆಯಾದ ರಾಡು ಎಂಜಿನ್ನಿನ ಹೊಟ್ಟೆಯನ್ನೇ ಸೀಳಿಕೊಂಡು ಹೊರಬರುತ್ತದೆ. ಪಕ್ಕದಲ್ಲಿ ನಿಂತವರ ಪ್ರಾಣಕ್ಕೂ ಅದು ಅಪಾಯ.

ಮತ್ತೆ ಒಳಗೆ

ಪಿಸ್ಟನ್ನಿಗೂ ರಾಡಿಗೂ ಪಿನ್ನು ಹಾಕುವಾಗ ಪಿನ್ನು ಬಿಗಿಯಾಗಿದ್ದರೆ ಸುತ್ತಿಗೆ ಎತ್ತಬಾರದು. ಅಲ್ಯೂಮಿನಿಯಮ್ ಪಿಸ್ಟನ್ನನ್ನು ಬಿಸಿನೀರಿನಲ್ಲಿ ಇಟ್ಟರೆ ಅದು ಉಕ್ಕಿನ ಪಿನ್ನಿಗಿಂತ ಹೆಚ್ಚು ಹಿಗ್ಗಿ, ಪಿನ್ನು ಹೆಬ್ಬೆರಳಿನ ಒತ್ತಿಗೇ ಜಾರುತ್ತದೆ. ಪಿನ್ನಿನ ಎರಡೂ ತುದಿಗಳ ತಡೆಬಳೆಗಳು ಹೊಸವಾಗಿರಬೇಕು, ತಮ್ಮ ಗಾಡಿಯಲ್ಲಿ ಪೂರ್ತಿ ಕುಳಿತಿರಬೇಕು. ಪಿಸ್ಟನ್ನಿನ ನೆತ್ತಿಯ ಮೇಲಿನ ಬಾಣ ಅಥವಾ ಗುಳಿ ಯಾವ ದಿಕ್ಕಿಗೆ, ರಾಡಿನ ಅಂಕಿ ಯಾವ ದಿಕ್ಕಿಗೆ ಎಂಬುದನ್ನು ಬಿಚ್ಚುವಾಗ ಬರೆದಿಟ್ಟುಕೊಂಡವನಿಗೆ ಈಗ ಚಿಂತೆಯಿಲ್ಲ.

ರಿಂಗುಗಳಿಗೂ ಮೇಲು ಕೆಳಗೆಂಬುದುಂಟು. ಗುರುತಿದ್ದ ಮುಖ ಮೇಲಿರಬೇಕು. ಅವುಗಳ ಸಂದುಗಳು ಒಂದರ ಕೆಳಗೊಂದು ಬಂದರೆ ಅನಿಲಕ್ಕೆ ರಾಜಮಾರ್ಗ ತೆರೆದಂತೆ. ಆದ್ದರಿಂದ ಸಂದುಗಳನ್ನು ಸುತ್ತಲೂ ಚದುರಿಸಿ ಇಡಬೇಕು. ಬಳಿಕ ಪಿಸ್ಟನ್ನಿಗೂ ಸಿಲಿಂಡರಿಗೂ ಶುದ್ಧವಾದ ಎಣ್ಣೆ ಸವರಿ, ರಿಂಗುಗಳನ್ನು ತಗಡಿನ ಪಟ್ಟಿಯಿಂದ ಅದುಮಿ ಹಿಡಿದು, ಮರದ ಹಿಡಿಯಿಂದ ಮೆಲ್ಲನೆ ಕೆಳಗಿಳಿಸಬೇಕು. ನಡುವೆ ಎಲ್ಲಿಯಾದರೂ ತಡೆದರೆ ನಿಲ್ಲಬೇಕು. ಅಲ್ಲಿ ರಿಂಗೊಂದು ಹೊರಚಾಚಿ ನಿಂತಿದೆ. ಆಗ ಇನ್ನೊಂದು ಏಟು ಹಾಕಿದವನು ಹೊಸ ರಿಂಗನ್ನು ಮುರಿಯುತ್ತಾನೆ.

ಬೇರಿಂಗಿನ ಹೋಳುಗಳ ಬೆನ್ನು ಒಣಗಿರಬೇಕು, ಮುಖಕ್ಕೆ ಎಣ್ಣೆಯಿರಬೇಕು. ಅವುಗಳ ಕೊಕ್ಕೆ ತನ್ನ ಕಚ್ಚಿನಲ್ಲಿ, ಎಣ್ಣೆಯ ತೂತು ತೂತಿನ ಎದುರಿನಲ್ಲಿ ಕೂಡಬೇಕು. ಟೋಪಿಯ ಕೆಳಗೆ ಎಣ್ಣೆ ಚಿಮ್ಮಿಸುವ ಚಮಚವಿರುವ ಎಂಜಿನ್ನುಗಳಲ್ಲಿ ಆ ಚಮಚದ ದಿಕ್ಕನ್ನೂ ನೋಡಬೇಕು. ಬೋಲ್ಟುಗಳನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ, ಟಾರ್ಕ್ ರೆಂಚಿನಿಂದ, ಎರಡು ಮೂರು ಕಂತುಗಳಲ್ಲಿ ಬಿಗಿಯಬೇಕು. ಪ್ರತಿ ಕಂತಿನ ಬಳಿಕ ಕ್ರ್ಯಾಂಕನ್ನು ಕೈಯಿಂದ ಸುತ್ತಿ ನೋಡಬೇಕು. ಬಿಗಿಯಾದದ್ದು ಕೈಗೇ ತಿಳಿಯುತ್ತದೆ. ಹಳೆಯ ಎಂಜಿನ್ನಾದರೆ ಬೋಲ್ಟಿನ ಬೆಣೆಯನ್ನು ಹೊಸದಾಗಿ ಹಾಕಬೇಕು. ಹೊಸ ಮೋಟಾರುಗಳಲ್ಲಿ ಹಲವು ಬಗೆಯ ಬೋಲ್ಟುಗಳು ಒಂದೇ ಸಲಕ್ಕೆ ಬಳಸತಕ್ಕವು.

ಕೊನೆಯ ಪರೀಕ್ಷೆ ಸೊಗಸಾದದ್ದು. ಪಿಸ್ಟನ್ನು ತುತ್ತತುದಿಗೆ ಬಂದಾಗ ಅದರ ನೆತ್ತಿಗೂ ಹೆಡ್ಡಿಗೂ ನಡುವೆ ಎಷ್ಟು ಜಾಗವಿದೆಯೆಂದು ಹೊರಗಿನಿಂದ ನೋಡುವುದು ಹೇಗೆ? ಪಿಸ್ಟನ್ನಿನ ಮೇಲೆ ಮೆತ್ತನೆಯ ಸೀಸದ ತಂತಿಯ ತುಂಡನ್ನಿಟ್ಟು, ಹೆಡ್ಡನ್ನು ಬಿಗಿದು, ಕೈಯಿಂದ ಒಂದು ಸುತ್ತು ತಿರುವಿ, ಮತ್ತೆ ಹೆಡ್ಡು ತೆಗೆದು, ಚಪ್ಪಟೆಯಾದ ತಂತಿಯ ದಪ್ಪವನ್ನು ಅಳೆಯುತ್ತಾರೆ. ಅಷ್ಟೇ ಜಾಗ! ಜಾಗ ಕಡಿಮೆಯಿದ್ದರೆ ಪಿಸ್ಟನ್ನು ಹೆಡ್ಡಿಗೆ ಬಡಿಯುತ್ತದೆ. ಹೆಚ್ಚಿದ್ದರೆ ಗಾಳಿ ಸಾಕಷ್ಟು ಕಾಯದೆ ಎಂಜಿನ್ನು ಹೊತ್ತಿಕೊಳ್ಳಲು ಸತಾಯಿಸುತ್ತದೆ.

ಗಿರಾಕಿಯ ಕರ್ತವ್ಯ

ಇಷ್ಟೆಲ್ಲ ಕೆಲಸವನ್ನು ಒಂದು ಹಗಲಿನಲ್ಲಿ ಅಳತೆ ತಪ್ಪದೆ ಮಾಡಿ ಮುಗಿಸುವುದು, ಅದರಲ್ಲಿಯೂ ಸಿಲಿಂಡರನ್ನು ಲೇತಿಗೆ ಕಳುಹಿಸಬೇಕಾಗಿ ಬಂದರೆ, ಆಗದ ಮಾತು. ಸಂಜೆಗೇ ಬೇಕೆಂದು ಹಟ ಹಿಡಿದಾಗ ಮಿಸ್ತ್ರಿ ಬಿಡುವುದು ಯಾವುದನ್ನು? ನಟ್ಟು ಬಿಗಿಯುವುದನ್ನು ಬಿಡುವಂತಿಲ್ಲ, ಎಣ್ಣೆ ಹಾಕುವುದನ್ನು ಬಿಡುವಂತಿಲ್ಲ. ಬಿಡಬಹುದಾದದ್ದು ಅಳತೆಯೊಂದನ್ನೇ, ಬಿಟ್ಟದ್ದು ಆ ಸಂಜೆ ಯಾರ ಕಣ್ಣಿಗೂ ಕಾಣುವುದಿಲ್ಲ. ಬಾಡುವ ಪೈರನ್ನು ಕಣ್ಣಮುಂದೆ ಇಟ್ಟುಕೊಂಡ ರೈತನ ಅವಸರ ಅರ್ಥವಾಗುವಂಥದು. ಅದರ ಮದ್ದು ಗ್ಯಾರೇಜಿನಲ್ಲಿಲ್ಲ, ಪಂಚಾಂಗದಲ್ಲಿದೆ: ಸುಗ್ಗಿ ಮುಗಿದು ಎಂಜಿನ್ನಿಗೆ ಕೆಲಸವಿಲ್ಲದ ದಿನಗಳಲ್ಲಿಯೇ ಅದನ್ನು ಬಿಚ್ಚಿಸಿ ನೋಡಬೇಕು. ನೆರೆಹೊರೆಯವನ ಎಂಜಿನ್ನನ್ನು ಎರಡು ದಿನ ಎರವಲು ಪಡೆದಾದರೂ ಮಿಸ್ತ್ರಿಗೆ ಎರಡು ದಿನದ ಬಿಡುವು ಕೊಟ್ಟರೆ ಅದು ವ್ಯರ್ಥವಾಗುವುದಿಲ್ಲ.

ಪಟ್ಟಣದ ಓದುಗರು ತಮ್ಮ ವಾಹನದ ಎಂಜಿನ್ನು ಬಿಚ್ಚಿಸುವಾಗ ನಾಲ್ಕು ಮಾತು ಕೇಳಿದರೆ ಸಾಕು. ಸಿಲಿಂಡರನ್ನು ಅಳೆದಿರಾ, ಅಂಕಿಗಳನ್ನು ಬಿಲ್ಲಿನ ಮೇಲೆ ಬರೆದು ಕೊಡುತ್ತೀರಾ? ರಾಡು, ಟೋಪಿಗಳಿಗೆ ಗುರುತು ಹಾಕಿದ್ದೀರಾ? ಬೋಲ್ಟುಗಳನ್ನು ಯಾವ ಬಿಗಿತಕ್ಕೆ, ಯಾವುದರಿಂದ ಬಿಗಿದಿರಿ? ತೆಗೆದ ಹಳೆಯ ಭಾಗಗಳನ್ನು ನಮಗೆ ತೋರಿಸುತ್ತೀರಾ? ಕೆಲಸ ಬಲ್ಲವನು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ತನ್ನ ಶ್ರಮವನ್ನು ಅರಿತವನೊಬ್ಬ ಸಿಕ್ಕನೆಂದು ಸಂತೋಷದಿಂದಲೇ ವಿವರಿಸುತ್ತಾನೆ.

ಎಂಜಿನ್ನು ಮನೆಗೆ ಬಂದ ಮೇಲೂ ಒಂದಿಷ್ಟು ಪಥ್ಯವುಂಟು. ಹೊಸ ರಿಂಗೂ ಸಿಲಿಂಡರೂ ಒಂದಕ್ಕೊಂದು ಒಗ್ಗುವ ತನಕ ಮೊದಲ ಕೆಲವು ದಿನ ಪೂರ್ಣಭಾರ ಹೇರಬಾರದು. ಹಾಗೆಂದು ಕೆಲಸವಿಲ್ಲದೆ ಗಂಟೆಗಟ್ಟಲೆ ಬರಿದೇ ಓಡಿಸಲೂಬಾರದು, ಹಾಗೆ ಮಾಡಿದರೆ ರಿಂಗು ಸರಿಯಾಗಿ ಕೂಡುವುದಿಲ್ಲ. ತಯಾರಕರು ಹೇಳಿದ್ದರೆ ಹೆಡ್ಡಿನ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಮೊದಲ ಎಣ್ಣೆಯನ್ನು ಬೇಗನೆ ಬದಲಿಸಬೇಕು. ಅದರಲ್ಲಿ ಸವೆದ ಲೋಹದ ಹುಡಿ ಇರುತ್ತದೆ. ಗಾಳಿ ಸೋಸುವ ಫಿಲ್ಟರನ್ನು ಧೂಳಿನ ದಿನಗಳಲ್ಲಿ ಮತ್ತೆ ಮತ್ತೆ ತೆರೆದು ನೋಡಬೇಕು. ಬಿಡುವಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಎಂಜಿನ್ನನ್ನು ಕೈಯಿಂದ ನಾಲ್ಕು ಸುತ್ತು ತಿರುವಿದರೆ ರಿಂಗುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ.

ಡೀಸೆಲನ್ನು ಸಿಲಿಂಡರಿನೊಳಗೆ ತುಂತುರಾಗಿ ಚಿಮ್ಮಿಸುವ ಪುಟ್ಟ ಪಂಪಿನ ಸಂಗತಿ ಬೇರೆಯೇ ಇದೆ. ಅದನ್ನು ಇನ್ನೊಂದು ವಾರ ನೋಡೋಣ.